10 ವರ್ಷ ಶಿಕ್ಷೆಯಾದ ಮೇಲೆ ಉಳಿಯುವ 60 ದಿನ

ಅಥಣಿ ಕಡೆಯ ಹಿರಿಯರೊಬ್ಬರು ಬೆಳಗಾವಿಯ ನನ್ನ ವಕೀಲಿ ಆಫೀಸಿಗೆ ಬಂದಿದ್ದರು. ಗಾಂಜಾ ಸಾಗಿಸಿದ ಕೇಸಿನಲ್ಲಿ ಮಗನಿಗೆ 10 ವರ್ಷ ಶಿಕ್ಷೆ, 1 ಲಕ್ಷ ದಂಡ. ಮಗ ಹಿಂಡಲಗಾ ಜೈಲಿನಲ್ಲಿದ್ದಾನೆ. "ಸಾಹೇಬ್ರ, ಸೊಸಿ ಬಸರಿ ಅದಾಳ್ರಿ. ಹೈಕೋರ್ಟಿನ್ಯಾಗ ಅಷ್ಟ ಹೇಳ್ರಿ, ಕರುಣೆ ತೋರಸ್ತಾರ" ಎಂದರು.

ನನಗೆ ಸಂಕಟವಾಯಿತು. ಗಾಂಜಾ 20 ಕಿಲೋ ದಾಟಿದರೆ ಮಾದಕ ವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಕನಿಷ್ಠ ಶಿಕ್ಷೆಯೇ 10 ವರ್ಷ. ಅಪರಾಧ ಸಾಬೀತಾಗಿದೆ ಎಂದು ಒಪ್ಪಿದರೆ ಹೈಕೋರ್ಟ್ ಕೂಡ ಅದಕ್ಕಿಂತ ಇಳಿಸುವ ಹಾಗಿಲ್ಲ.

ಮೊದಲು ದಿನ ಎಣಿಸಿದೆ. ಹೈಕೋರ್ಟಿಗೆ ಅಪೀಲು ಹಾಕಲು ಇರುವುದು 60 ದಿನ. ಆಗಲೇ 47 ಕಳೆದಿದ್ದವು. ತಡವಾದರೆ ಕಾರಣ ಕೊಟ್ಟು ಕೇಳಿಕೊಳ್ಳಬಹುದು, ಆದರೆ ಸುಮ್ನೆ ಯಾಕೆ ಆ ತೊಂದರೆ? ಅವರು ಬೆಂಗಳೂರಿಗೆ ಹೋಗಬೇಕೆಂದು ಸಾಲ ಮಾಡಿದ್ದರು. ಬೇಕಿರಲಿಲ್ಲ. ಬೆಳಗಾವಿ, ಬಾಗಲಕೋಟೆಯ ಅಪೀಲು ಧಾರವಾಡ ಪೀಠಕ್ಕೆ ಹೋಗುತ್ತದೆ, ವಿಜಯಪುರದ್ದು ಕಲಬುರಗಿಗೆ. ತೀರ್ಪಿನ ನಕಲನ್ನು ಶಿಕ್ಷೆಯಾದವನಿಗೆ ಕೋರ್ಟೇ ಪುಕ್ಕಟೆ ಕೊಡಬೇಕು. ಜೈಲಿನ ಅಧಿಕಾರಿಯ ಮೂಲಕವೂ ಅಪೀಲು ಕಳಿಸಬಹುದು. ಬಂಧನದಲ್ಲಿರುವವನಿಗೆ, ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಸಮಿತಿಯಿಂದ ಉಚಿತ ವಕೀಲರು ಸಿಗುತ್ತಾರೆ. ಹೊಲ ಮಾರುವ ಮೊದಲು ಇದು ಗೊತ್ತಿರಬೇಕು, ಅಲ್ವಾ?

ಅಪೀಲು ಮುಗಿಯುವವರೆಗೆ ಮಗ ಹೊರಗೆ ಬರುತ್ತಾನಾ ಎಂದು ಕೇಳಿದರು. ಈ ಕಾಯ್ದೆಯ 32ಎ ಕಲಂ ಶಿಕ್ಷೆ ತಡೆಹಿಡಿದು ಹೊರಗೆ ಬಿಡುವ ದಾರಿಯನ್ನೇ ಮುಚ್ಚಿತ್ತು. ಸುಪ್ರೀಂ ಕೋರ್ಟ್ 2000ರಲ್ಲಿ ದಾದು ಪ್ರಕರಣದಲ್ಲಿ ಕೋರ್ಟುಗಳಿಗೆ ಆ ಅಧಿಕಾರ ಮರಳಿಸಿತು. ಆದರೆ 20 ಕಿಲೋ ದಾಟಿದ ಕೇಸಿಗೆ 37ನೇ ಕಲಂ ಅಡ್ಡ ಬರುತ್ತದೆ. ಇವನು ತಪ್ಪಿತಸ್ಥನಲ್ಲ, ಹೊರಗೆ ಬಂದರೆ ಮತ್ತೆ ಇಂಥದ್ದು ಮಾಡಲ್ಲ ಎಂದು ನಂಬಲು ಕೋರ್ಟಿಗೆ ಆಧಾರ ಬೇಕು. ಹದಿನೈದು ದಿನದಲ್ಲಿ ಬಿಡಿಸುತ್ತೇನೆ ಎನ್ನುವವರನ್ನು ದಯವಿಟ್ಟು ನಂಬಬೇಡಿ.

ಆಮೇಲೆ ಪಂಚನಾಮೆ ಓದಿದೆ. ನಾನು ಜಾಸ್ತಿ ಹೊತ್ತು ಕೂರುವುದು ಇದರ ಮುಂದೆಯೇ. ಮಾದರಿ ತೆಗೆದದ್ದು 52ಎ ಕಲಂ ಹೇಳುವ ಹಾಗೆ ಮ್ಯಾಜಿಸ್ಟ್ರೇಟರ ಎದುರಿಗಾ? ಸೀಲು ಯಾರ ಬಳಿ ಇತ್ತು? ಮಾಲು ಚೀಲದಲ್ಲಿ ಸಿಕ್ಕಿತ್ತು. ಹಾಗಾಗಿ ಎಲ್ಲರೂ ಹೇಳುವ 50ನೇ ಕಲಂ ಇಲ್ಲಿ ಕೆಲಸಕ್ಕೆ ಬರಲ್ಲ, ಅದು ಮೈ ತಪಾಸಣೆಗೆ ಮಾತ್ರ.

ತೂಕದ ಸಾಲಿಗೆ ಬಂದಾಗ ನಿಂತೆ. 21 ಕಿಲೋ 300 ಗ್ರಾಂ, ಹಸಿ ಗಿಡ, ಬೇರು ಸಮೇತ. ಚೀಲದ ತೂಕ ಕಳೆದರೋ ಇಲ್ಲವೋ, ಒಂದು ಮಾತಿಲ್ಲ. ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಹೂವು, ಕಾಯಿ ಬಿಟ್ಟ ತುದಿ. ಬೇರು ಗಾಂಜಾ ಅಲ್ಲ. ಬೇರು, ಚೀಲ ಕಳೆದು ತೂಕ 20 ಕಿಲೋದೊಳಗೆ ಬಂದರೆ 37ನೇ ಕಲಮಿನ ಅಡ್ಡಿ ಇರುವುದಿಲ್ಲ. ಆಗ 10 ವರ್ಷ ಎನ್ನುವುದು ಗರಿಷ್ಠ ಶಿಕ್ಷೆ, ಕನಿಷ್ಠ ಇಷ್ಟು ಎಂಬುದಿಲ್ಲ. ಹಿರಿಯರು ಹೇಳಿದ ಸೊಸೆಯ ಮಾತನ್ನೂ ಆಗ ಕೋರ್ಟಿನ ಮುಂದೆ ಇಡಬಹುದು.