ಮಳೆನೆರಳು

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅಲ್ಲಿಂದ ಈಶಾನ್ಯಕ್ಕೆ ಸುಮಾರು 200 ಕಿ.ಮೀ. ದೂರದ ಚಳ್ಳಕೆರೆಯಲ್ಲಿ ಅದು 500 ಮಿ.ಮೀ. ಆಸುಪಾಸಿಗೆ ಇಳಿಯುತ್ತದೆ. ಬೆಟ್ಟಸಾಲಿನ ಆಚೆಗೆ ಹೀಗೆ ಮಳೆ ಕುಗ್ಗಿಹೋಗುವ ನಾಡನ್ನು ನಮ್ಮ ಭೂಗೋಳದ ಪಠ್ಯಗಳು ‘ಮಳೆನೆರಳಿನ ಪ್ರದೇಶ’ ಎಂದು ಕರೆಯುತ್ತವೆ.

ಪದ ಸೊಗಸಾಗಿದೆ, ಆದರೆ ಅದರಲ್ಲಿರುವ ‘ನೆರಳು’ ತುಸು ದಾರಿ ತಪ್ಪಿಸುತ್ತದೆ. ಮರ ಬಿಸಿಲನ್ನು ತಡೆಯುವಂತೆ ಬೆಟ್ಟ ಮೋಡವನ್ನು ತಡೆದು ನಿಲ್ಲಿಸುತ್ತದೆ ಎಂದು ಅನೇಕರು ಭಾವಿಸುತ್ತಾರೆ. ವಾಸ್ತವದಲ್ಲಿ ಗಾಳಿ ಬೆಟ್ಟವನ್ನು ದಾಟಿಯೇ ದಾಟುತ್ತದೆ. ಮುಂಗಾರಿನಲ್ಲಿ ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ತಿರುಗಿಸುವುದು ಘಟ್ಟವನ್ನು ಹಾದುಬಂದ ಗಾಳಿಯೇ. ದಾಟುವಾಗ ಆ ಗಾಳಿಗೆ ಏನಾಗುತ್ತದೆ ಎಂಬುದರಲ್ಲಿ ಈ ಪದದ ನಿಜವಾದ ಅರ್ಥವಿದೆ.

ಅರಬ್ಬೀ ಸಮುದ್ರದಿಂದ ಬಂದ ತೇವದ ಗಾಳಿ ಘಟ್ಟಕ್ಕೆ ಎದುರಾದಾಗ ಮೇಲೇರಬೇಕಾಗುತ್ತದೆ. ಮೇಲೆ ಒತ್ತಡ ಕಡಿಮೆಯಿರುವುದರಿಂದ ಅದು ಹಿಗ್ಗುತ್ತದೆ, ಹಿಗ್ಗಿದಂತೆ ಪ್ರತಿ ಕಿಲೋಮೀಟರಿಗೆ ಸುಮಾರು 10 ಡಿಗ್ರಿ ಸೆಲ್ಸಿಯಸ್‌ನಂತೆ ತಣಿಯುತ್ತದೆ. ಒಂದು ಎತ್ತರದಲ್ಲಿ ಆವಿ ಹನಿಗಟ್ಟಿ ಮೋಡವಾಗುತ್ತದೆ. ಹನಿಗಟ್ಟುವಾಗ ಆವಿಯೊಳಗೆ ಅಡಗಿದ್ದ ಶಾಖ ಹೊರಬರುವುದರಿಂದ ಅಲ್ಲಿಂದ ಮೇಲೆ ತಣಿಯುವ ವೇಗ ಸುಮಾರು 5 ಡಿಗ್ರಿಗೆ ಇಳಿಯುತ್ತದೆ. ಇಡೀ ಪ್ರಕ್ರಿಯೆಯ ಕೀಲಿ ಈ ವ್ಯತ್ಯಾಸದಲ್ಲಿದೆ.

ಲೆಕ್ಕಕ್ಕಾಗಿ, ಕರಾವಳಿಯಲ್ಲಿ 28 ಡಿಗ್ರಿಯಿದ್ದ ಗಾಳಿ 500 ಮೀಟರಿನಲ್ಲಿ ಮೋಡಗಟ್ಟಿ 1,500 ಮೀಟರಿನವರೆಗೆ ಏರಿತು ಎನ್ನೋಣ. ತುದಿಯಲ್ಲಿ ಅದು 18 ಡಿಗ್ರಿಯಷ್ಟಿರುತ್ತದೆ. ನೀರನ್ನು ಈಚೆಯ ಇಳಿಜಾರಿನಲ್ಲೇ ಸುರಿಸಿಬಿಟ್ಟಿದ್ದರೆ, ಆಚೆಗೆ ಇಳಿಯುವಾಗ ಅದು ಕಿಲೋಮೀಟರಿಗೆ 10 ಡಿಗ್ರಿಯಂತೆ ಬಿಸಿಯಾಗುತ್ತ 700 ಮೀಟರಿನ ಬಯಲಿಗೆ 26 ಡಿಗ್ರಿಯಾಗಿ ಬರುತ್ತದೆ. ಏರುವಾಗ ಇದೇ ಎತ್ತರದಲ್ಲಿ ಅದು 22 ಡಿಗ್ರಿಯಿತ್ತು. ನೀರು ಕಡಿಮೆ, ಬಿಸಿ ಹೆಚ್ಚು: ಅಂಥ ಗಾಳಿಯಲ್ಲಿ ಉಳಿದ ಮೋಡವೂ ಕರಗುತ್ತದೆ. ಆದ್ದರಿಂದ ಮಳೆನೆರಳೆಂದರೆ ಮಳೆ ತಲುಪದ ಜಾಗ ಎನ್ನುವುದಕ್ಕಿಂತ, ಇಳಿಯುವ ಗಾಳಿ ಮೋಡವನ್ನು ಅಳಿಸುವ ಜಾಗ ಎನ್ನುವುದು ಹೆಚ್ಚು ಸರಿ.

ಹಿಮಕ್ಕೂ ಇದೇ ನಿಯಮ. ಚಳಿಗಾಲದಲ್ಲಿ ಪಶ್ಚಿಮದಿಂದ ಬರುವ ಮಾರುತಗಳು ಕಾಶ್ಮೀರದ ಬೆಟ್ಟಗಳ ಮೇಲೆ ಹಿಮವನ್ನು ರಾಶಿ ಹಾಕುತ್ತವೆ. ಸಾಲುಗಳನ್ನು ದಾಟಿ ಲೇಹ್ ತಲುಪುವಷ್ಟರಲ್ಲಿ ಬಹುಪಾಲು ಒಣಗಿರುತ್ತವೆ. ಸುಮಾರು 3,500 ಮೀಟರ್ ಎತ್ತರದಲ್ಲಿ, ಕೊರೆಯುವ ಚಳಿಯಲ್ಲಿದ್ದರೂ ಲೇಹ್‌ನಲ್ಲಿ ಮಳೆ-ಹಿಮ ಎರಡೂ ಸೇರಿ ವರ್ಷಕ್ಕೆ 100 ಮಿ.ಮೀ. ಆಸುಪಾಸು ಮಾತ್ರ. ಹಿಮ ಬೀಳಲು ಚಳಿಯೊಂದೇ ಸಾಲದೆಂಬುದು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಬಿಸಿಲಿನ ನೆರಳಿನಂತೆ ಮಳೆನೆರಳೂ ಪಕ್ಕ ಬದಲಿಸಬಲ್ಲದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಮರೆಯಲ್ಲಿ ಒಣಗುವ ತಮಿಳುನಾಡಿನ ಕರಾವಳಿಗೆ, ಅಕ್ಟೋಬರ್‌ನಲ್ಲಿ ಗಾಳಿ ದಿಕ್ಕು ಬದಲಿಸಿ ಈಶಾನ್ಯದಿಂದ ಬೀಸತೊಡಗಿದ ಮೇಲೆ, ಬಂಗಾಳ ಕೊಲ್ಲಿಯಿಂದ ವರ್ಷದ ಮುಖ್ಯ ಮಳೆ ಬರುತ್ತದೆ. ಚಳ್ಳಕೆರೆಯ ಶೇಂಗಾ ಬೆಳೆಗಾರರು ನೆಚ್ಚಿಕೊಳ್ಳುವ ಸೆಪ್ಟೆಂಬರ್–ಅಕ್ಟೋಬರ್‌ನ ಗುಡುಗುಮಳೆಗೂ ಘಟ್ಟದ ಹಂಗಿಲ್ಲ. ಕಾದ ನೆಲದ ಮೇಲಿನ ಗಾಳಿ ಮಧ್ಯಾಹ್ನದ ಹೊತ್ತಿಗೆ ತಾನಾಗಿಯೇ ಮೇಲೇರಿ ಆ ಮೋಡಗಳನ್ನು ಕಟ್ಟುತ್ತದೆ.