ಪಟ್ಟಿಯಲ್ಲಿರುವ ಸಂಬಳ ಯಾರದ್ದು?

"ಯಾವ ಡಿಗ್ರಿ ದಂಡ, ಯಾವುದು ಲಾಭ, ಒಂದೇ ಮಾತಲ್ಲಿ ಹೇಳಿಬಿಡಿ." ಮುಂದೇನು ಓದಬೇಕು ಅಂತ ಸಲಹೆ ಕೊಡುವ ನನ್ನಂಥವರಿಗೆ ಈ ಪ್ರಶ್ನೆ ಹೊಸದಲ್ಲ. ಕೇಳಿದ್ದಕ್ಕೆ ಬೇಜಾರೂ ಇಲ್ಲ. ಬೇಜಾರಾಗುವುದು ಅದರ ಜೊತೆಗೆ ಮೇಜಿನ ಮೇಲೆ ಬರುವ ಪಟ್ಟಿ ನೋಡಿ. ಎಲ್ಲಿಂದಲೋ ಇಳಿಸಿಕೊಂಡು ಪ್ರಿಂಟ್ ತೆಗೆಸಿದ್ದು. ಎಡಗಡೆ ವಿಷಯಗಳ ಹೆಸರು, ಬಲಗಡೆ ಸರಾಸರಿ ಸಂಬಳ. ಮೇಲಿನ ನಾಲ್ಕೈದು ಸಾಲಿಗೆ ಅಪ್ಪ ಹಳದಿ ಬಣ್ಣ ಬಳಿದಿರುತ್ತಾರೆ. ಕೆಳಗೆಲ್ಲೋ ಮಗಳು ಪೆನ್ಸಿಲ್‌ನಲ್ಲಿ ಒಂದು ಸಣ್ಣ ಚುಕ್ಕೆ ಇಟ್ಟಿರುತ್ತಾಳೆ.

ಮೊದಲೇ ಹೇಳಿಬಿಡುತ್ತೇನೆ: ಎಲ್ಲ ಡಿಗ್ರಿಯೂ ಒಂದೇ ಅಂತ ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ಅದು ಮಕ್ಕಳ ಮನಸ್ಸು ನೋಯಬಾರದು ಅಂತ ಹೇಳುವ ಸುಳ್ಳು. ಬ್ರಿಟನ್‌ನ ಇನ್ಸ್ಟಿಟ್ಯೂಟ್ ಫಾರ್ ಫಿಸ್ಕಲ್ ಸ್ಟಡೀಸ್ 2020ರಲ್ಲಿ ಪದವೀಧರರ ಜೀವಮಾನದ ಗಳಿಕೆಯನ್ನು ಲೆಕ್ಕ ಹಾಕಿತು. ತೆರಿಗೆ, ಶಿಕ್ಷಣ ಸಾಲ ಎಲ್ಲ ಕಳೆದ ಮೇಲಿನ ಲೆಕ್ಕ ಅದು. ಐದರಲ್ಲಿ ನಾಲ್ಕು ಜನರಿಗೆ ಓದಿದ್ದರಿಂದ ಲಾಭ. ಉಳಿದ ಒಬ್ಬರು ಯೂನಿವರ್ಸಿಟಿಗೆ ಹೋಗದಿದ್ದರೆ ಹಣದ ಮಟ್ಟಿಗೆ ಇನ್ನೂ ಚೆನ್ನಾಗಿರುತ್ತಿದ್ದರು. ವೈದ್ಯಕೀಯ, ಅರ್ಥಶಾಸ್ತ್ರ ಓದಿದ ಗಂಡಸರಿಗೆ ಸರಾಸರಿ ಸುಮಾರು 5 ಲಕ್ಷ ಪೌಂಡ್ ಜಾಸ್ತಿ. ಕಲೆ, ವಿನ್ಯಾಸದಂಥ ವಿಷಯ ಓದಿದ ಗಂಡಸರಿಗೆ ಸರಾಸರಿ ನಷ್ಟ. ಅಂದರೆ ವ್ಯತ್ಯಾಸ ಇದೆ, ದೊಡ್ಡದಾಗಿಯೇ ಇದೆ.

ಸರಿ, ಹಾಗಾದರೆ ಪಟ್ಟಿ ನೋಡಿದರೆ ತಪ್ಪೇನು? ನಾನು ದಿನಾ ಹೇಳಿ ಹೇಳಿ ಗಂಟಲು ಒಣಗಿಸಿಕೊಳ್ಳುವ ವಿಷಯ ಇದೇ. ಪಟ್ಟಿಯಲ್ಲಿರುವ ಸಂಬಳ ಡಿಗ್ರಿಯದಲ್ಲ. ಆ ಡಿಗ್ರಿ ಓದಿದ ಜನರದ್ದು. ಎರಡೂ ಒಂದೇ ಅಲ್ವಾ ಅಂತ ಕೇಳುತ್ತಾರೆ. ಅಲ್ಲ.

ವೈದ್ಯಕೀಯಕ್ಕೆ ಸೇರುವವರು ಯಾರು? ಪರೀಕ್ಷೆಯಲ್ಲಿ ಮೊದಲ ಸಾಲಿನಲ್ಲಿ ಬಂದವರು. ವರ್ಷಗಟ್ಟಲೆ ಒಂದೇ ಕಡೆ ಕೂತು ಓದುವ ತಾಳ್ಮೆ ಇರುವವರು. ಬಹಳ ಸಲ ಮನೆಯಲ್ಲೂ ಅನುಕೂಲ ಇರುವವರು. ಇವರನ್ನೇ ಬೇರೆ ವಿಷಯಕ್ಕೆ ಹಾಕಿದ್ದರೂ ಒಂದಿಷ್ಟು ಜಾಸ್ತಿಯೇ ದುಡಿಯುತ್ತಿದ್ದರು. ಪಟ್ಟಿಯ ಸಂಖ್ಯೆಯಲ್ಲಿ ಡಿಗ್ರಿ ಕೊಟ್ಟದ್ದೂ ಇದೆ, ಅವರು ತಮ್ಮ ಜೊತೆ ತಂದದ್ದೂ ಇದೆ. ಎಷ್ಟೆಷ್ಟು ಅಂತ ಪಟ್ಟಿ ಹೇಳುವುದಿಲ್ಲ. ಅರ್ಥಶಾಸ್ತ್ರಜ್ಞ ಮೈಕೆಲ್ ಸ್ಪೆನ್ಸ್ 1973ರಲ್ಲಿ ಇದರ ಇನ್ನೊಂದು ಮುಖ ತೋರಿಸಿದರು. ಓದು ಏನೂ ಕಲಿಸದಿದ್ದರೂ, ಈ ಮನುಷ್ಯ ಕಷ್ಟದ ಕೆಲಸ ಮುಗಿಸಬಲ್ಲ ಅಂತ ಕೆಲಸ ಕೊಡುವವನಿಗೆ ಸೂಚನೆ ಕೊಟ್ಟರೆ ಸಾಕು, ಸಂಬಳ ಏರುತ್ತದೆ. ಈ ದಾರಿಯ ಕೆಲಸಕ್ಕೆ 2001ರಲ್ಲಿ ಅವರಿಗೆ ನೊಬೆಲ್ ಬಹುಮಾನವೂ ಬಂತು. ಓದು ನಿಜವಾಗಿ ಏನನ್ನೂ ಕಲಿಸುವುದಿಲ್ಲ ಅಂತ ಮಾತ್ರ ಇದರಿಂದ ತಿಳಿಯಬೇಡಿ. ಅದು ಅವರ ವಾದವೂ ಅಲ್ಲ, ನನ್ನದೂ ಅಲ್ಲ.

ಹಾಗಾದರೆ ಡಿಗ್ರಿಯ ಪಾಲು ಎಷ್ಟು ಅಂತ ತಿಳಿಯುವುದು ಹೇಗೆ? ನಾರ್ವೆಯಲ್ಲಿ ಒಂದು ಒಳ್ಳೆಯ ಅವಕಾಶ ಸಿಕ್ಕಿತು. ಅಲ್ಲಿ ಸೀಟು ಹಂಚುವುದು ಒಂದೇ ಕೇಂದ್ರದಿಂದ. ವಿದ್ಯಾರ್ಥಿಗಳು ತಮಗೆ ಬೇಕಾದ ಕೋರ್ಸ್‌ಗಳನ್ನು ಒಂದು, ಎರಡು, ಮೂರು ಅಂತ ಬರೆದು ಕೊಡುತ್ತಾರೆ. ಕಟ್‌ಆಫ್‌ಗಿಂತ ಕೂದಲೆಳೆಯಷ್ಟು ಮೇಲಿದ್ದವನಿಗೆ ಮೊದಲ ಆಯ್ಕೆ ಸಿಗುತ್ತದೆ. ಕೂದಲೆಳೆಯಷ್ಟು ಕೆಳಗಿದ್ದವನಿಗೆ ಎರಡನೆಯದು. ಇಬ್ಬರೂ ಹೆಚ್ಚುಕಮ್ಮಿ ಒಂದೇ ಥರದ ಹುಡುಗರು, ಓದು ಮಾತ್ರ ಬೇರೆ. ಕಿರ್ಕೆಬೋಯೆನ್, ಲ್ಯೂವೆನ್, ಮೊಗ್‌ಸ್ಟಾಡ್ ಎಂಬ ಮೂವರು ಸಂಶೋಧಕರು ಇಂಥವರ ಗಳಿಕೆಯನ್ನು ಹೋಲಿಸಿ 2016ರಲ್ಲಿ ಪ್ರಕಟಿಸಿದರು. ವಿಷಯದಿಂದ ಗಳಿಕೆ ನಿಜವಾಗಿಯೂ ಬದಲಾಗುತ್ತದೆ. ಆದರೆ ಎಷ್ಟು ಬದಲಾಗುತ್ತದೆ ಅನ್ನುವುದು ಆ ಹುಡುಗನ ಎರಡನೇ ಆಯ್ಕೆ ಯಾವುದಿತ್ತು ಅನ್ನುವುದರ ಮೇಲೆ ನಿಂತಿದೆ. ಒಂದೇ ಕೋರ್ಸು ಒಬ್ಬನಿಗೆ ದೊಡ್ಡ ಲಾಭ, ಇನ್ನೊಬ್ಬನಿಗೆ ಅಷ್ಟಕ್ಕಷ್ಟೇ. ಜೊತೆಗೆ ಇನ್ನೊಂದು: ಜನ ಸಾಮಾನ್ಯವಾಗಿ ತಮ್ಮ ಕೈ ಚೆನ್ನಾಗಿ ಓಡುವ ವಿಷಯವನ್ನೇ ಆರಿಸಿಕೊಳ್ಳುತ್ತಾರೆ. ಪೆನ್ಸಿಲ್ ಚುಕ್ಕೆಗೂ ಒಂದು ಬೆಲೆ ಇದೆ ಅಂತ ನಾನು ವಾದ ಮಾಡುವುದು ಇದೇ ಧೈರ್ಯದ ಮೇಲೆ.

ಆದ್ದರಿಂದ "ಈ ಡಿಗ್ರಿಗೆ ಎಷ್ಟು ಸಂಬಳ" ಅಂತ ಕೇಳಬೇಡಿ. "ಇದನ್ನು ಓದದಿದ್ದರೆ ಇವಳು ಏನು ಮಾಡುತ್ತಾಳೆ, ಅದಕ್ಕಿಂತ ಇದು ಎಷ್ಟು ಮೇಲು" ಅಂತ ಕೇಳಿ. ಮನೆಯಲ್ಲಿ ಈ ಎರಡನೇ ಪ್ರಶ್ನೆಯನ್ನು ಯಾರೂ ಕೇಳಿರುವುದಿಲ್ಲ. ಮೇಲಿನ ಸಾಲನ್ನು ಕೆಳಗಿನ ಸಾಲಿಗೆ ಹೋಲಿಸಿ ಗಾಬರಿಯಾಗಿ ಬಂದಿರುತ್ತಾರೆ.

ಒಮ್ಮೆ ಒಬ್ಬ ತಂದೆ ಮಗಳನ್ನು ಕಂಪ್ಯೂಟರ್ ಸೈನ್ಸ್‌ಗೆ ಸೇರಿಸಲೇಬೇಕು ಅಂತ ಪಟ್ಟು ಹಿಡಿದು ಕೂತಿದ್ದರು. ಅವಳಿಗೆ ಬೇಕಿದ್ದದ್ದು ಸಂಖ್ಯಾಶಾಸ್ತ್ರ. ನಾವಿಬ್ಬರು ವಾದ ಮಾಡುತ್ತಿರುವಾಗ ಅವಳು ಪಟ್ಟಿಯನ್ನು ಮಗುಚಿ ಹಿಂದುಗಡೆ ಏನೋ ಲೆಕ್ಕ ಹಾಕುತ್ತಿದ್ದಳು. ಹತ್ತು ಜನ, ಎಲ್ಲರಿಗೂ ಒಂದೊಂದು ರೂಪಾಯಿ ಸಂಬಳ. ಒಬ್ಬನದನ್ನು ಮಾತ್ರ ಹತ್ತು ಮಾಡಿದರೆ ಸರಾಸರಿ ಒಂದರಿಂದ 1.9ಕ್ಕೆ ಏರುತ್ತದೆ. "ಉಳಿದ ಒಂಬತ್ತು ಜನಕ್ಕೆ ಏನೂ ಜಾಸ್ತಿ ಸಿಕ್ಕಿಲ್ಲ ಅಲ್ವಾ ಅಪ್ಪಾ?" ಅಂದಳು. ಅಪ್ಪ ಹಾಳೆಯನ್ನು ಮತ್ತೆ ಮಗುಚಿ, "ಆದರೂ ಸಂಖ್ಯಾಶಾಸ್ತ್ರ ಎರಡು ಸಾಲು ಕೆಳಗಿದೆಯಲ್ಲಮ್ಮಾ" ಅಂದರು. ಒಳ್ಳೆಯ ಮನುಷ್ಯ. ಮಗಳ ಮೇಲಿನ ಪ್ರೀತಿಯಿಂದಲೇ ಅಷ್ಟು ಹಟ. ಆದರೆ ಗಣಿತದಲ್ಲಿ ಇಷ್ಟು ಚುರುಕಾದ ಹುಡುಗಿಗೆ ಆ ಎರಡು ಸಾಲಿನ ಅಂತರದಿಂದ ಏನೂ ಗೊತ್ತಾಗುವುದಿಲ್ಲ ಅಂತ ಅವರಿಗೆ ಒಪ್ಪಿಸುವಷ್ಟರಲ್ಲಿ ನನಗೆ ಸಾಕಾಗಿತ್ತು.

ಕಾಲೇಜಿನ ಹೆಸರಿಗೂ ಇದೇ ಮಾತು ಅನ್ವಯಿಸುತ್ತದೆ. ಅಮೆರಿಕದಲ್ಲಿ ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ 2002ರಲ್ಲಿ ತೋರಿಸಿದ್ದು ಹೀಗೆ: ದೊಡ್ಡ ಹೆಸರಿನ ಕಾಲೇಜಿನಲ್ಲಿ ಸೀಟು ಸಿಕ್ಕಿಯೂ ಬೇರೆ ಕಡೆ ಓದಿದವರು, ಅಲ್ಲೇ ಓದಿದವರಷ್ಟೇ ಹೆಚ್ಚುಕಮ್ಮಿ ದುಡಿದರು. ಬಡ ಮನೆಯಿಂದ ಬಂದ ಮಕ್ಕಳಿಗೆ ಮಾತ್ರ ದೊಡ್ಡ ಕಾಲೇಜಿನಿಂದ ಲಾಭ ಕಂಡುಬಂತು.

ಇನ್ನೊಂದು ತೊಂದರೆ, ಪಟ್ಟಿ ಇವತ್ತಿನದು. ಮಗು ಹೊರಗೆ ಬರುವುದು ಮೂರು ನಾಲ್ಕು ವರ್ಷ ಆದ ಮೇಲೆ. ರಿಚರ್ಡ್ ಫ್ರೀಮನ್ ಎಂಬ ಅರ್ಥಶಾಸ್ತ್ರಜ್ಞ 1970ರ ದಶಕದಲ್ಲೇ ಇಂಜಿನಿಯರ್‌ಗಳ ವಿಷಯದಲ್ಲಿ ಇದನ್ನು ವಿವರಿಸಿದ್ದರು. ಸಂಬಳ ಏರಿದ ವರ್ಷ ಎಲ್ಲರೂ ನುಗ್ಗುತ್ತಾರೆ, ಅವರೆಲ್ಲ ಒಟ್ಟಿಗೆ ಹೊರಬಂದಾಗ ಸಂಬಳ ಇಳಿಯುತ್ತದೆ. ಅದನ್ನು ನೋಡಿ ಮುಂದಿನವರು ಹಿಂಜರಿಯುತ್ತಾರೆ, ಆಗ ಮತ್ತೆ ಏರುತ್ತದೆ. ತೈಲದ ಕಥೆ ನೋಡಿ. 2014ರ ಮಧ್ಯದಲ್ಲಿ ಕಚ್ಚಾ ತೈಲ ಬ್ಯಾರಲ್‌ಗೆ 100 ಡಾಲರ್ ದಾಟಿತ್ತು. 2016ರ ಶುರುವಿನಲ್ಲಿ 30ಕ್ಕಿಂತ ಕೆಳಗೆ ಬಿತ್ತು. ಒಳ್ಳೆಯ ಕಾಲ ನೋಡಿ 2012ರಲ್ಲಿ ಪೆಟ್ರೋಲಿಯಂ ಇಂಜಿನಿಯರಿಂಗ್ ಸೇರಿದವರು ಪದವಿ ಮುಗಿಸಿದ್ದು ಸರಿಯಾಗಿ ಆ ವರ್ಷ. ಓದಿದ ಪಾಠ ಅದೇ, ಮೇಷ್ಟ್ರೂ ಅವರೇ.

ಮೊದಲ ಸಂಬಳವನ್ನೇ ಕೊನೆಯವರೆಗಿನ ಸಂಬಳ ಅಂತ ಓದುವವರೂ ಇದ್ದಾರೆ. ಡೇವಿಡ್ ಡೆಮಿಂಗ್ ಮತ್ತು ಕಡೀಮ್ ನೊರೇ ಅಮೆರಿಕದ ಅಂಕಿ ಅಂಶ ಇಟ್ಟುಕೊಂಡು 2020ರಲ್ಲಿ ಇದನ್ನು ಪರಿಶೀಲಿಸಿದರು. ಕಂಪ್ಯೂಟರ್, ಇಂಜಿನಿಯರಿಂಗ್ ಪದವೀಧರರಿಗೆ ಶುರುವಿನಲ್ಲಿ ಇರುವ ಸಂಬಳದ ಮುನ್ನಡೆ ಮೊದಲ ಹತ್ತು ವರ್ಷದಲ್ಲಿ ಅರ್ಧಕ್ಕಿಂತ ಜಾಸ್ತಿ ಕರಗುತ್ತದೆ. ಆ ಕೆಲಸಗಳಲ್ಲಿ ಬೇಕಾಗುವ ಕೌಶಲ ಬೇಗ ಹಳೆಯದಾಗುತ್ತದೆ ಅನ್ನುವುದು ಅವರು ಕೊಡುವ ಕಾರಣ. ಮುನ್ನಡೆ ಪೂರ್ತಿ ಹೋಗುತ್ತದೆ ಅಂತ ಅವರು ಹೇಳಿಲ್ಲ. ನಾನೂ ಹೇಳುತ್ತಿಲ್ಲ.

ನನ್ನ ಮಾತು ಎಲ್ಲ ಕಡೆಗೂ ಅನ್ವಯಿಸುವುದಿಲ್ಲ. ವೈದ್ಯಕೀಯ, ನರ್ಸಿಂಗ್‌ನಂಥ ಕಡೆ ಡಿಗ್ರಿಯೇ ಬಾಗಿಲು. ಅದಿಲ್ಲದೆ ಆ ಕೆಲಸವೇ ಇಲ್ಲ. ಅಲ್ಲಿ ಕೋರ್ಸಿಗೆ ಮಾನ್ಯತೆ ಇದೆಯಾ ಅಂತ ಸಂಬಳಕ್ಕಿಂತ ಮೊದಲು ನೋಡಿ. ಸಾಲ ಮಾಡಿ ಓದಿಸುವವರು ಹಣದ ಲೆಕ್ಕ ಹಾಕಲೇಬೇಕು. "ಇಷ್ಟ ಇದ್ದದ್ದು ಓದಲಿ ಬಿಡಿ" ಅನ್ನುವುದು ಸಾಲ ಇಲ್ಲದವರಿಗೆ ಸುಲಭದ ಮಾತು. ಮತ್ತೆ, ನಡುವೆ ಬಿಟ್ಟ ಡಿಗ್ರಿ ಎಲ್ಲಕ್ಕಿಂತ ದುಬಾರಿ. ಖರ್ಚು ಪೂರ್ತಿ, ಕೈಗೆ ಬಂದದ್ದು ಏನೂ ಇಲ್ಲ. ಒತ್ತಾಯಕ್ಕೆ ಸೇರಿ ಎರಡನೇ ವರ್ಷದಲ್ಲಿ ಸೋತು ಬಂದ ಮಕ್ಕಳನ್ನು ನಾನು ನೋಡಿದ್ದೇನೆ. ಪಟ್ಟಿಯ ಸರಾಸರಿಯಲ್ಲಿ ಅವರು ಲೆಕ್ಕಕ್ಕೇ ಇಲ್ಲ, ಅಲ್ಲಿರುವುದು ಮುಗಿಸಿದವರು ಮಾತ್ರ.

ನನ್ನ ಹತ್ತಿರ ಬರುವಾಗ ಪಟ್ಟಿಯ ಬದಲು ಆ ಕೋರ್ಸಿನ ಕೊನೆಯ ವರ್ಷದ ಪ್ರಶ್ನೆಪತ್ರಿಕೆ ತನ್ನಿ. ಮಗು ಅದನ್ನು ಓದಿ ಮುಖ ಕಿವುಚುತ್ತದೋ, ಕುತೂಹಲದಿಂದ ಇನ್ನೊಮ್ಮೆ ಓದುತ್ತದೋ ನೋಡೋಣ. ಕಾಲೇಜಿಗೆ ಹೋದರೆ ಸೇರಿದವರಲ್ಲಿ ಎಷ್ಟು ಜನ ಮುಗಿಸಿದರು ಅಂತ ಕೇಳಿ. ಅವರು ಹೇಳುವ ಸರಾಸರಿ ಪ್ಯಾಕೇಜಿನಲ್ಲಿ ಕೆಲಸ ಸಿಗದವರೂ ಸೇರಿದ್ದಾರಾ ಅಂತಲೂ ಕೇಳಿ. ನೇರ ಉತ್ತರ ಬರದಿದ್ದರೆ ಸುಮ್ನೆ ಹೊರಗೆ ಬಂದು ಕೊನೆಯ ವರ್ಷದ ಇಬ್ಬರು ಹುಡುಗರನ್ನು ಮಾತಾಡಿಸಿ. ಯಾವ ಲ್ಯಾಬಿಗೆ ಬೀಗ ಬಿದ್ದಿದೆ, ಯಾವ ಮೇಷ್ಟ್ರು ಕೆಲಸ ಬಿಟ್ಟರು ಅನ್ನುವುದನ್ನೂ ಅವರೇ ಹೇಳುತ್ತಾರೆ.