ತರಬೇತಿಯಲ್ಲಿ ಕಲಿತದ್ದು ಪಂಚಾಯಿತಿಯಲ್ಲಿ ಯಾಕೆ ನಡೆಯುವುದಿಲ್ಲ?

ಪ್ರಶ್ನೆ: ಮೊದಲ ಸಲ ಗ್ರಾಮ ಪಂಚಾಯಿತಿ ಅಧ್ಯಕ್ಷೆಯಾಗಿದ್ದೇನೆ. ತರಬೇತಿಯಲ್ಲಿ ಹೇಳಿದ್ದೆಲ್ಲ ಸರಿ ಅನಿಸುತ್ತದೆ. ಊರಿಗೆ ಬಂದು ಸಭೆಯಲ್ಲಿ ಹೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ, ಮಾರನೇ ದಿನ ಮತ್ತೆ ಮೊದಲಿನಂತೆಯೇ. ಎಲ್ಲಿ ತಪ್ಪುತ್ತಿದೆ?

ಉತ್ತರ: ಸಭೆಯಲ್ಲೇ ತಪ್ಪುತ್ತಿದೆ. ಮೈಸೂರಿನ ಅಬ್ದುಲ್ ನಜೀರ್ ಸಾಬ್ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆಯ ತರಬೇತಿಯಾಗಲಿ, ಬೇರೆಯದಾಗಲಿ, ಕೆಲವೇ ದಿನದಲ್ಲಿ ಕರ ವಸೂಲಿ, ಕ್ರಿಯಾ ಯೋಜನೆ, ಜಮಾಬಂದಿ (ವರ್ಷದ ಲೆಕ್ಕ, ಕಾಮಗಾರಿಗಳ ತಪಾಸಣೆ), ಕುಡಿಯುವ ನೀರು ಎಲ್ಲವನ್ನೂ ಹೇಳಿ ಮುಗಿಸಬೇಕಾಗುತ್ತದೆ. ಅಷ್ಟನ್ನೂ ತಂದು ಒಂದೇ ಸಾಮಾನ್ಯ ಸಭೆಯಲ್ಲಿ ಸುರಿದರೆ ಅದು ಯಾರ ಕೆಲಸವೂ ಆಗುವುದಿಲ್ಲ. ‘ಜನರಿಗೆ ಶುದ್ಧ ನೀರು ಕೊಡಬೇಕು’ ಎಂದರೆ ಯಾರ ತಕರಾರೂ ಇಲ್ಲ. ತಲೆಯಾಡಿಸುವುದು ಅದಕ್ಕೇ.

ಕಲಿತದ್ದರಲ್ಲಿ ಒಂದನ್ನು ಮಾತ್ರ ಎತ್ತಿಕೊಳ್ಳಿ. ಅದು ಅನುದಾನಕ್ಕೆ ಕಾಯುವಂಥದ್ದಾಗಿರಬಾರದು, ವಾರದೊಳಗೆ ಫಲ ಕಾಣಬೇಕು. ಓವರ್‌ಹೆಡ್ ಟ್ಯಾಂಕಿನ ಕ್ಲೋರಿನೇಷನ್, ಅಂದರೆ ರೋಗಾಣು ಸಾಯಲೆಂದು ನೀರಿಗೆ ಕ್ಲೋರಿನ್ ಸೇರಿಸುವುದು, ಇದಕ್ಕೆ ಹೇಳಿಮಾಡಿಸಿದ ಕೆಲಸ.

ಮೊದಲು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಜತೆ ಕೂತು ಮಾತಾಡಿ. ಅವರನ್ನು ದಾಟಿ ನೀವೇ ನೇರವಾಗಿ ನೀರು ಬಿಡುವ ನೀರುಗಂಟಿಗೆ ಹೇಳಿದರೆ ಆತ ಇಬ್ಬರ ನಡುವೆ ಸಿಕ್ಕಿಬೀಳುತ್ತಾನೆ, ಕೆಲಸ ಅಲ್ಲಿಗೇ ನಿಲ್ಲುತ್ತದೆ. ಠರಾವಿನಲ್ಲಿ ‘ಎಲ್ಲ ಟ್ಯಾಂಕುಗಳಿಗೆ ಕ್ಲೋರಿನೇಷನ್ ಮಾಡತಕ್ಕದ್ದು’ ಎಂದು ಬರೆದರೆ ಸಾಲದು. ಯಾವ ಟ್ಯಾಂಕ್, ಯಾರು, ಎಷ್ಟು ಹೊತ್ತಿಗೆ, ಎಷ್ಟು ಗ್ರಾಂ, ರಜೆ ಹಾಕಿದ ದಿನ ಅವನ ಬದಲಿಗೆ ಯಾರು, ಅಷ್ಟೂ ನಡವಳಿ ಪುಸ್ತಕಕ್ಕೆ ಬರಲಿ. ಬದಲಿ ಆಳಿನ ಹೆಸರನ್ನು ಸಾಮಾನ್ಯವಾಗಿ ಎಲ್ಲರೂ ಮರೆಯುತ್ತಾರೆ. ಹಬ್ಬದ ವಾರದಲ್ಲಿ ಕ್ಲೋರಿನ್ ತಪ್ಪುವುದು ಅಲ್ಲೇ.

ಲೆಕ್ಕ ಹೀಗೆ. ಶೇ. 33ರಷ್ಟು ಕ್ಲೋರಿನ್ ಇರುವ ಹೊಸ ಬ್ಲೀಚಿಂಗ್ ಪೌಡರ್ 1,000 ಲೀಟರಿಗೆ ಸುಮಾರು 2.5 ಗ್ರಾಂ ಬೇಕು. 50,000 ಲೀಟರ್ ಟ್ಯಾಂಕಿಗೆ 125 ಗ್ರಾಂ. ಬಾಯಿ ತೆರೆದ ಚೀಲದಲ್ಲಿಟ್ಟರೆ ಪೌಡರಿನ ಕಸುವು ಹಾರಿಹೋಗುತ್ತದೆ. ಅದು ಶೇ. 20ಕ್ಕೆ ಇಳಿದಿದ್ದರೆ ಅದೇ ಟ್ಯಾಂಕಿಗೆ 200 ಗ್ರಾಂ ದಾಟುತ್ತದೆ. ಆದ್ದರಿಂದ ವರ್ಷಕ್ಕಾಗುವಷ್ಟು ಒಟ್ಟಿಗೇ ಕೊಳ್ಳಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಂದು ಸಣ್ಣ ತಕ್ಕಡಿ, ಕೈಗವಸು, ಮಾಸ್ಕ್ ಕೊಡಿಸಿ. ಇವು ಇಲ್ಲದೆ ‘ಯಾಕಪ್ಪಾ ಹಾಕಿಲ್ಲ’ ಎಂದು ಗದರುವುದು ನ್ಯಾಯವಲ್ಲ.

ಪೌಡರನ್ನು ಹಾಗೇ ಟ್ಯಾಂಕಿಗೆ ಸುರಿಯಬಾರದು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಗಂಟಿಲ್ಲದಂತೆ ಕಲಸಿ, ಮತ್ತಷ್ಟು ನೀರು ಸೇರಿಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಟ್ಯಾಂಕಿಗೆ ಬಿಡಬೇಕು. ವಾಲ್ವ್ ತೆರೆಯುವುದು ಒಂದು ಗಂಟೆ ಕಳೆದ ಮೇಲೆ. ಬೆಳಿಗ್ಗೆ ಆರಕ್ಕೆ ನೀರು ಬಿಡುವ ಊರಲ್ಲಿ ಈ ಕೆಲಸ ಐದಕ್ಕೆ ಮುಂಚೆಯೇ ಮುಗಿದಿರಬೇಕು. ಹೊತ್ತನ್ನು ನೀರುಗಂಟಿಯನ್ನು ಕೇಳಿಯೇ ನಿಗದಿ ಮಾಡಿ, ಸಭೆಯಲ್ಲಿ ಕೂತವರು ನಿಗದಿ ಮಾಡಿದರೆ ಆ ಒಂದು ಗಂಟೆ ಕಾಗದದಲ್ಲಷ್ಟೇ ಇರುತ್ತದೆ.

ಪರೀಕ್ಷೆ ಟ್ಯಾಂಕಿನ ಬುಡದಲ್ಲಿ ಬೇಡ, ಪೈಪ್‌ಲೈನಿನ ಕೊನೆಯ ಮನೆಯ ನಲ್ಲಿಯಲ್ಲಿ ಮಾಡಿ. ಉಳಿಕೆ ಕ್ಲೋರಿನ್, ಅಂದರೆ ನಲ್ಲಿಗೆ ಬರುವಾಗಲೂ ನೀರಿನಲ್ಲಿ ಉಳಿದಿರುವ ಕ್ಲೋರಿನ್, ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು ಎನ್ನುತ್ತದೆ ಕುಡಿಯುವ ನೀರಿನ ಭಾರತೀಯ ಮಾನಕ. ಕ್ಲೋರಿನ್ ಪರೀಕ್ಷೆಯ ಕಿಟ್ಟಿನಲ್ಲಿ ನೀರಿಗೆ ಬರುವ ಬಣ್ಣವನ್ನು ಅದರ ಬಣ್ಣದ ಪಟ್ಟಿಗೆ ಹಿಡಿದು ನೋಡಿದರೆ ಅಂಕಿ ಸಿಗುತ್ತದೆ. ಅದನ್ನು ನೀರುಗಂಟಿ ದಿನವೂ ಒಂದು ರಿಜಿಸ್ಟರಿನಲ್ಲಿ ಬರೆಯಲಿ. ಬುಡದಲ್ಲಿ ಸರಿಯಾಗಿದ್ದು ಕೊನೆಯಲ್ಲಿ ಸೊನ್ನೆ ಬಂದರೆ ನಡುವೆ ಪೈಪ್ ಸೋರಿ ಕೊಳೆ ಸೇರುತ್ತಿರಬಹುದು, ಇಲ್ಲವೇ ಹಾಕಿದ ಪ್ರಮಾಣವೇ ಸಾಲದಿರಬಹುದು.

ಸೊನ್ನೆ ಬಂದ ದಿನ ನೀವು ಹೇಗೆ ನಡೆದುಕೊಳ್ಳುತ್ತೀರಿ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಬರೆದವನನ್ನೇ ಬೈದರೆ ಮಾರನೇ ದಿನದಿಂದ ರಿಜಿಸ್ಟರಿನಲ್ಲಿ ಬರೀ 0.2 ಕಾಣಿಸುತ್ತದೆ. ಒಂದೇ ಪೆನ್ನು, ಒಂದೇ ಅಕ್ಷರ, ಮೂವತ್ತು ದಿನವೂ ಒಂದೇ ಅಂಕಿ ಇದ್ದರೆ ತಿಂಗಳ ಕೊನೆಗೆ ಕೂತು ತುಂಬಿಸಿದ್ದು ಎಂದೇ ಲೆಕ್ಕ. ‘ಸೊನ್ನೆ ಬಂದಿದ್ದನ್ನು ಬರೆದಿದ್ದೀಯಲ್ಲಪ್ಪಾ, ಒಳ್ಳೆಯದಾಯ್ತು. ಬಾ, ಲೈನ್ ನೋಡೋಣ’ ಎಂದು ಜತೆಗೆ ಹೊರಡಿ. ವಾರಕ್ಕೊಮ್ಮೆ, ಮೊದಲೇ ಹೇಳದ ದಿನ, ಆ ವಾರ್ಡಿನ ಸದಸ್ಯರನ್ನೂ ಕರೆದುಕೊಂಡು ಕೊನೆಯ ನಲ್ಲಿಯ ನೀರನ್ನು ನೀವೇ ಪರೀಕ್ಷಿಸಿ, ಬಂದ ಅಂಕಿಯನ್ನು ಅದೇ ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಿ. ಕೆಲವು ವಾರಕ್ಕೆ ಕಿಟ್ ಆ ಸದಸ್ಯರ ಕೈಗೇ ಹೋಗಲಿ.

ಎರಡನೆಯ ವಿಷಯ ಎತ್ತಿಕೊಳ್ಳುವುದು ಯಾವಾಗ? ನೀವು ಹದಿನೈದು ದಿನ ಕೇಳದೇ ಬಿಟ್ಟು ನೋಡಿ. ಆಗಲೂ ರಿಜಿಸ್ಟರ್ ದಿನದಿನವೂ ತುಂಬಿದ್ದು, ನೀವು ತೆಗೆದ ಅಂಕಿಗೂ ಅದಕ್ಕೂ ಹೆಚ್ಚು ವ್ಯತ್ಯಾಸ ಇಲ್ಲದಿದ್ದರೆ ಕರ ವಸೂಲಿ ಪಟ್ಟಿಗೆ ಕೈಹಾಕಬಹುದು. ಅಲ್ಲೂ ಅಷ್ಟೇ, ಇಡೀ ಪಂಚಾಯಿತಿ ಬೇಡ, ಒಂದು ವಾರ್ಡಿನ ಬಾಕಿಯಿಂದ ಶುರು ಮಾಡಿ.